ಕೈ ನಿಂತಾಗ ಕಣ್ಣು ಮುಚ್ಚುವವರು

ಹುಬ್ಬಳ್ಳಿ, ಫೆಬ್ರುವರಿ ೩೦, ೨೨೧೪

ಡಾಕ್ಟರ್ ನೀಲಗಂಗಾ ಹೊಸಕೇರಿ ಅವರಿಗೆ ದಾನಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ವರ್ಷದ ಕೊನೆಯಲ್ಲಿ ರಜೆ ಎಂದು ಬಿಟ್ಟಿದ್ದಾರೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನೀವು ತೀರಿಕೊಂಡು ಒಂದೂವರೆ ಶತಮಾನ ಕಳೆದಿದೆ. ಆದರೂ ನಿಮ್ಮ ಕೈಗಳನ್ನು ನಾನು ಹೆಚ್ಚುಕಡಿಮೆ ದಿನವೂ ನೋಡುತ್ತೇನೆ, ನೋಡಿದಾಗಲೆಲ್ಲ ಹೆದರುತ್ತೇನೆ.

ಬಿಡಿಸಿ ಹೇಳುತ್ತೇನೆ. ನೀವು ರೋಬಾಟ್‌ನ ಮುಂದೆ ಕೂತು ಶಸ್ತ್ರಚಿಕಿತ್ಸೆ ಮಾಡುತ್ತಿದ್ದಾಗ ನಿಮ್ಮ ಮಣಿಕಟ್ಟಿನ ಪ್ರತಿಯೊಂದು ತಿರುವೂ ಅದರೊಳಗೆ ದಾಖಲಾಗುತ್ತಿತ್ತು. ಮುಂದೆ ಯಂತ್ರಗಳು ಅದನ್ನೇ ಕಲಿತು ತಾವೇ ಶಸ್ತ್ರ ಹಿಡಿದವು. ಅದಕ್ಕೆ ನಾವು ಕೈನೆನಪು ಎನ್ನುತ್ತೇವೆ. ತೂಕ ಇಳಿಸಲು ಒಮ್ಮೆ ಕತ್ತರಿಸಿ ಚಿಕ್ಕದು ಮಾಡಿದ ಹೊಟ್ಟೆಯನ್ನು ಎರಡನೆಯ ಸಲ ತೆರೆಯಬೇಕಾದರೆ ನಮ್ಮ ಆಸ್ಪತ್ರೆಯಲ್ಲಿ ಓಡುವುದು ನಿಮ್ಮ ಕೈನೆನಪೇ. ನಾನು ಸಾಕ್ಷಿವೈದ್ಯೆ. ಯಂತ್ರ ಕೊಯ್ಯುವಾಗ ಪಕ್ಕದಲ್ಲಿ ನಿಂತು ನೋಡುವುದು, ಬೇಕೆನಿಸಿದರೆ ತಡೆಯುವುದು ನನ್ನ ಕೆಲಸ. ಓದಿದ್ದು ಬೆಟ್ಟದಷ್ಟು, ಮಾಡುವುದು ಇಷ್ಟೇ.

ಎರಡನೆಯ ಸಲವೇ ಎಂದು ಹುಬ್ಬೇರಿಸಬೇಡಿ. ನಮ್ಮ ಊರಿನ ಅರ್ಧ ಜನ ಹೊಟ್ಟೆ ಕತ್ತರಿಸಿಕೊಂಡವರು. ಪ್ರತಿ ಖಾನಾವಳಿಯಲ್ಲೂ ಅವರಿಗಾಗಿ ಸಣ್ಣಪಂಕ್ತಿ ಎಂಬ ಬೇರೆ ಸಾಲು ಇರುತ್ತದೆ. ಅಲ್ಲಿ ಅಂಗೈಯಗಲದ ರೊಟ್ಟಿ, ಚಮಚೆಯಷ್ಟು ಎಣ್ಣೆಗಾಯಿ, ನೀರು ಊಟವಾದ ಎಷ್ಟೋ ಹೊತ್ತಿನ ಮೇಲೆ. ಮದುವೆ ಮನೆಯಲ್ಲಿ ಯಾರಾದರೂ ಸಣ್ಣಪಂಕ್ತಿಯಿಂದ ಎದ್ದು ದೊಡ್ಡಪಂಕ್ತಿಗೆ ಹೋದರೆ ಅತ್ತೆಯಂದಿರ ಕಣ್ಣು ಅಲ್ಲೇ. ನನ್ನ ತಂಗಿ ಗೌರಾ ಹೋದ ವರ್ಷ ಹಾಗೆ ಎದ್ದು ಹೋದಳು. ಚಿಕ್ಕದು ಮಾಡಿದ ಹೊಟ್ಟೆ ಮತ್ತೆ ಹಿಗ್ಗಿದೆ, ತೂಕ ಮರಳಿದೆ, ಹುಳಿ ಗಂಟಲವರೆಗೆ ಬಂದು ಸುಡುತ್ತದೆ, ಸಕ್ಕರೆ ಏರಿದೆ. ಮರುಶಸ್ತ್ರವಿಲ್ಲದೆ ಅವಳಿಗೆ ಗತಿಯಿಲ್ಲ. ಸೋಮವಾರ ಅವಳು ನಿಮ್ಮ ಕೈಗಳ ಕೆಳಗೆ ಮಲಗುತ್ತಾಳೆ, ಸಾಕ್ಷಿ ನಾನೇ.

ಈಗ ನನ್ನ ಭಯಕ್ಕೆ ಬರುತ್ತೇನೆ. ಮೊದಲ ಶಸ್ತ್ರದ ಗಾಯ ಕಲೆಗಟ್ಟಿ ಹೊಟ್ಟೆ ಯಕೃತ್ತಿಗೆ ಅಂಟಿರುತ್ತದಲ್ಲ, ಅದನ್ನು ಬಿಡಿಸುವ ಜಾಗದಲ್ಲಿ ನಿಮ್ಮ ಕೈಗಳು ನಿಲ್ಲುತ್ತವೆ. ಪ್ರತಿ ರೋಗಿಯಲ್ಲೂ ನಿಲ್ಲುತ್ತವೆ. ಉಸಿರು ಹಿಡಿದಂತೆ ಒಂದಿಷ್ಟು ಹೊತ್ತು ಹಾಗೇ ಇದ್ದು ಆಮೇಲೆ ಮುಂದೆ ಹೋಗುತ್ತವೆ. ಯಾಕೆಂದು ಯಾರಿಗೂ ತಿಳಿಯದು. ನಿಮ್ಮ ಕೈಯಲ್ಲಿ ತೀರಿಹೋದ ಯಾರನ್ನೋ ನೀವು ನೆನೆಯುತ್ತಿದ್ದಿರಿ ಎಂದು ಹಿಂದಿನವರು ನಂಬಿದರು. ನಂಬಿಕೆ ಪದ್ಧತಿಯಾಯಿತು. ಕೈ ನಿಂತೊಡನೆ ಕೋಣೆಯಲ್ಲಿರುವವರೆಲ್ಲ ತಲೆ ತಗ್ಗಿಸಿ ಕಣ್ಣು ಮುಚ್ಚುತ್ತಾರೆ. ಕೈಮೌನ ಎಂದು ಅದರ ಹೆಸರು.

ನಮ್ಮವ್ವ ಸತ್ತದ್ದು ಕೈಮೌನದಲ್ಲಿ. ನಾನಾಗ ಬೇರೆ ಊರಿನಲ್ಲಿ ಓದುತ್ತಿದ್ದೆ. ಅವಳ ಮರುಶಸ್ತ್ರದ ವಿಡಿಯೊ ಚಿತ್ರಣವನ್ನು ಆಮೇಲೆ ನೋಡಿದೆ. ಪರದೆಯ ಅಂಚಿನಲ್ಲಿ ಕೆಂಪು ಸಣ್ಣಗೆ ಹರಡುತ್ತಿದೆ, ಸುತ್ತ ನಿಂತವರೆಲ್ಲ ಭಕ್ತಿಯಿಂದ ಕಣ್ಣು ಮುಚ್ಚಿದ್ದಾರೆ. ಅವರು ಕಣ್ಣು ಬಿಡುವ ಹೊತ್ತಿಗೆ ಹೊಟ್ಟೆ ರಕ್ತದಿಂದ ತುಂಬಿತ್ತು. ಅವರ ಮೇಲೆ ನನಗೆ ಇಂದಿಗೂ ಕೋಪವಿದೆ, ಅದನ್ನು ಮುಚ್ಚಿಡುವುದಿಲ್ಲ.

ಅಂದಿನಿಂದ ನಿಮ್ಮ ಹಳೆಯ ಚಿತ್ರಣಗಳನ್ನೆಲ್ಲ ಹುಡುಕಿ ನೋಡಿದೆ. ರೋಬಾಟ್‌ಗೆ ಮುಂಚೆ ನೀವು ಲ್ಯಾಪರೋಸ್ಕೋಪಿ ಮಾಡುತ್ತಿದ್ದಿರಿ. ಸಣ್ಣ ತೂತುಗಳಿಂದ ಉದ್ದನೆಯ ಕೋಲಿನಂಥ ಉಪಕರಣ ಇಳಿಸಿ, ರೋಗಿಯ ಮಗ್ಗುಲಲ್ಲೇ ನಿಂತು ಮಾಡುವ ಕೆಲಸ. ಎರಡರಲ್ಲಿ ಯಾವುದು ಮೇಲೆಂದು ನಿಮ್ಮವರು ಬಹಳ ಜಗಳವಾಡಿದರಂತೆ: ಯಾವುದಕ್ಕೆ ಹೊತ್ತು ಹೆಚ್ಚು, ಯಾವುದರಲ್ಲಿ ಹೊಲಿಗೆ ಸೋರುವುದು ಕಡಿಮೆ ಎಂದು. ನಾನು ನೋಡಿದ್ದು ಬೇರೆ. ಕೋಲು ಹಿಡಿದಾಗ ನೀವು ಆ ಜಾಗದಲ್ಲಿ ಒಮ್ಮೆಯೂ ನಿಂತಿಲ್ಲ. ಎಳೆದಾಗಿನ ಬಿಗಿ ಕೋಲಿನಿಂದ ಬೆರಳಿಗೆ ಅಷ್ಟಿಷ್ಟು ತಿಳಿಯುತ್ತಿತ್ತು. ರೋಬಾಟ್‌ನಲ್ಲಿ ಮಣಿಕಟ್ಟು ಇಕ್ಕಟ್ಟಿನೊಳಗೂ ಚೆನ್ನಾಗಿ ತಿರುಗಿತು, ನಡುಕ ಹೋಯಿತು, ಆದರೆ ಆ ಬಿಗಿ ಕೈಗೆ ಬರಲಿಲ್ಲ. ಬೆರಳಿನ ಕೆಲಸ ಕಣ್ಣಿಗೆ ಬಿತ್ತು. ನೀವು ಯಾರನ್ನೂ ನೆನೆಯುತ್ತಿರಲಿಲ್ಲ, ಏನನ್ನೋ ನೋಡುತ್ತಿದ್ದಿರಿ. ಯಂತ್ರ ನಿಲ್ಲುವುದನ್ನಷ್ಟೇ ಕಲಿಯಿತು.

ಇದನ್ನು ಹಿರಿಯ ಸಾಕ್ಷಿವೈದ್ಯರಿಗೆ ಹೇಳಿದೆ. ಅವರು ಕಿವಿ ಮುಟ್ಟಿಕೊಂಡು, "ಶತಮಾನದ ಪದ್ಧತಿರೀ ಇದು. ಬಾಯಾರಿಗೆ ಅಪಮಾನ ಮಾಡ್ತೀರೇನು?" ಎಂದರು. ಇಲ್ಲಿ ಎಲ್ಲರೂ ನಿಮ್ಮನ್ನು ಗೌರವದಿಂದ ಬಾಯಾರು ಎಂದೇ ಕರೆಯುತ್ತಾರೆ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟಿಗೊಂದು ದಾರಿ ಎಂದು ಉಳಿದವರು ನಕ್ಕರು. ಕೋಲಿನಿಂದ ಮಾಡಿಸೋಣವೆಂದರೆ ಆ ವಿದ್ಯೆ ಬಲ್ಲವರು ಒಬ್ಬರೂ ಉಳಿದಿಲ್ಲ. ಕೋಲು ಯಾರ ಕೈಯನ್ನೂ ನೆನಪಿಟ್ಟುಕೊಳ್ಳಲಿಲ್ಲ. ಅತ್ತ ದರಿ, ಇತ್ತ ಪುಲಿ. ನಿನ್ನೆ ಗೌರಾ ನನ್ನ ಕೈ ಹಿಡಿದು, "ಅಕ್ಕಾ, ಮಂದಿ ಏನರ ಮಾಡ್ಲಿ. ನೀನರ ಕಣ್ ತೆಗದಿರು. ಅವ್ವನ ಹಂಗ ನನ್ನ ಕಳಸಬ್ಯಾಡ" ಎಂದಳು. ಅವಳಿಗೆ ಮಾತು ಕೊಟ್ಟಿದ್ದೇನೆ.

ಈ ಕಾಗದ ನೀವು ಬದುಕಿದ್ದ ಕಾಲಕ್ಕೆ ಹೇಗೆ ಮುಟ್ಟೀತೆಂದು ನನಗೆ ತಿಳಿಯದು. ಮುಟ್ಟಿದರೆ ಒಂದೇ ಬೇಡಿಕೆ. ಮುಂದಿನ ಸಲ ರೋಬಾಟ್‌ನ ಮುಂದೆ ಕೂತು ಆ ಜಾಗದಲ್ಲಿ ನಿಂತಾಗ, ಯಾಕೆ ನಿಂತಿರೆಂದು ಬಾಯಿಬಿಟ್ಟು ಹೇಳಿ. ನೋಡುತ್ತಿರುವುದು ರಕ್ತವನ್ನೋ, ಹಳೆಯ ಹೊಲಿಗೆಯನ್ನೋ, ಯಕೃತ್ತಿನ ಬಣ್ಣವನ್ನೋ, ಪಕ್ಕದವರಿಗೆ ಕೇಳುವಂತೆ ಹೇಳಿ, ಅವರು ಮುಂದಿನವರಿಗೆ ಹೇಳಲಿ. ಅವ್ವನಿಗೆ ರಕ್ತ ಹರಿದ ಜಾಗದಲ್ಲೇ ಗೌರಾಳಿಗೂ ಹರಿಯಬೇಕೆಂದಿಲ್ಲ, ಒಬ್ಬರ ಕಲೆಯಂತೆ ಇನ್ನೊಬ್ಬರದು ಇರುವುದಿಲ್ಲ.

ಸೋಮವಾರ ನನ್ನ ತಂಗಿಯ ಹೊಟ್ಟೆಯೊಳಗೆ ನಿಮ್ಮ ಕೈ ನಿಲ್ಲುತ್ತದೆ. ಕೋಣೆಯಲ್ಲಿ ನಾನೊಬ್ಬಳೇ ಕಣ್ಣು ತೆರೆದಿರುತ್ತೇನೆ. ಎಲ್ಲಿ ನೋಡಲಿ, ಬಾಯಾರ?