ಮೊದಲ ಗುಂಡಿ

ಟ್ಯೂನಿಸ್, ಬಾಬ್ ಸ್ವಿಕಾ
ಅಕ್ಟೋಬರ್ ೧೨, ಭಾನುವಾರ

ಮಗನೇ ನಿಝಾರ್,

ಹೇಗಿದ್ದೀಯಪ್ಪ? ಮಾರ್ಸೇಯಲ್ಲಿ ಗಾಳಿ ಶುರುವಾಯಿತೇ? ಎಡಗೈ ಹೆಬ್ಬೆರಳು ಈಗಲೂ ಅದುರುತ್ತದೆಯೇ? ಸುಳ್ಳು ಬರೆಯಬೇಡ, ನಿನ್ನ ಅಪ್ಪನಿಗೂ ಅಲ್ಲಿಂದಲೇ ಶುರುವಾದದ್ದು.

ಅಪ್ಪ ನಡುಕದ ರೋಗದ ಹೊಸ ಔಷಧದ ಪ್ರಯೋಗಕ್ಕೆ ಸೇರಿ ವರ್ಷವಾಗುತ್ತ ಬಂತು. ಅವರಿಗೆ ಕೊಡುವುದು ಔಷಧವೋ ಬರೀ ಸೀಮೆಸುಣ್ಣದ ಗುಳಿಗೆಯೋ, ಪ್ರಯೋಗ ನಡೆಸುವ ಡಾಕ್ಟರ್ ಸಲ್ವಾಗೂ ಗೊತ್ತಿಲ್ಲವಂತೆ. ನಿನ್ನ ವಯಸ್ಸಿನ ಹುಡುಗಿ. ಮೂರು ತಿಂಗಳಿಗೊಮ್ಮೆ ಕರೆದು ಬೆರಳಿಗೆ ಬೆರಳು ತಟ್ಟಿಸುತ್ತಾಳೆ, ನಡೆಸುತ್ತಾಳೆ, ಅಂಗಿಯ ಗುಂಡಿ ಹಾಕಿಸುತ್ತಾಳೆ. ಹಿಂದಿನ ಸಂಜೆಯಿಂದ, ದಿನವೂ ನುಂಗುವ ಹಳೆಯ ಮಾತ್ರೆ ಮುಟ್ಟುವಂತಿಲ್ಲ. "ಆ ಮಾತ್ರೆ ನಡುಕಾನ ಮುಚ್ಚಿಬಿಡುತ್ತೆ ಅಮ್ಮ, ಒಳಗೆ ರೋಗ ಎಷ್ಟು ಬೆಳೆದಿದೆ ಅಂತ ನಮಗೆ ಗೊತ್ತಾಗಲ್ಲ" ಎಂದು ಮೊದಲ ದಿನವೇ ಹೇಳಿದ್ದಳು.

ಆ ದಿನ ಅಪ್ಪ ಮಾತ್ರೆಯಿಲ್ಲದೆ ಆರೂ ಗುಂಡಿ ಹಾಕಿದರು, ಆದರೆ ಬಹಳ ಹೊತ್ತು ಹಿಡಿಯಿತು. ಮೂವತ್ತು ವರ್ಷ ಶೆಶಿಯಾ ಟೋಪಿಯ ಉಣ್ಣೆ ಬಾಚಿದ ಕೈ ಅದು. ಎದುರಿಗೆ ನಾಲ್ವರು ಕೂತು ಆ ಕೈಯನ್ನೇ ನೋಡುತ್ತಿದ್ದರು. ಹೊರಬಂದು "ಏನೇ ಮಂಜಿಯಾ, ಹೆಣ್ಣು ನೋಡೋಕೆ ಬಂದವರ ಹಾಗೆ ನೋಡಿದ್ರಲ್ಲೇ, ಒಪ್ಪಿದ್ರೋ ಇಲ್ವೋ" ಎಂದು ನಕ್ಕರು. ಟ್ಯಾಕ್ಸಿಯಲ್ಲಿ ಅತ್ತರು.

ಮುಂದಿನ ಮೂರು ಸಲವೂ ಡಾಕ್ಟರ್ "ರೋಗ ಮುಂದಕ್ಕೆ ಹೋದ ಹಾಗೆ ಕಾಣ್ತಿಲ್ಲ" ಎಂದಳು. ನಾನು ಓಣಿಗೆಲ್ಲ ಸಿಹಿ ಹಂಚಿದೆ, ನಿನಗೂ ಬರೆದೆ. ಈಗ ನೀನು ಬಂದರಿನ ಕೆಲಸ ಬಿಟ್ಟು, ಅಲ್ಲಿನ ಚಿಕಿತ್ಸೆ ನಿಲ್ಲಿಸಿ, ಇದೇ ಪ್ರಯೋಗಕ್ಕೆ ಹೆಸರು ಕೊಡುತ್ತೇನೆ ಎನ್ನುತ್ತೀಯ. ನಿನ್ನ ಕಾಗದ ಓದಿದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಯಾರ ಹತ್ತಿರ ಹೇಳಿಕೊಳ್ಳಲಿ?

ಸೊಸೆಗೆ, ಪುಟ್ಟಿಗೆ ನನ್ನ ಮುತ್ತು. ದೇವರು ನಿನ್ನ ಎರಡೂ ಕೈಗಳನ್ನು ಕಾಯಲಿ.

ನಿನ್ನ ಅಮ್ಮ,
ಮಂಜಿಯಾ

ಮೇಲೆ ಬರೆಯಲಾಗದ್ದು: ಟಿಕೆಟ್ ತೆಗೆಯಬೇಡ. ನುಂಗಲು ಕಷ್ಟವೆಂದು ದಿನವೂ ಅವರ ಹಳೆಯ ಮಾತ್ರೆ ಪುಡಿ ಮಾಡಿ ಖರ್ಜೂರದೊಳಗೆ ಇಟ್ಟು ಕೊಡುತ್ತೇನಲ್ಲ, ಡಾಕ್ಟರ್ ಕರೆದ ಆ ಮೂರು ಬೆಳಿಗ್ಗೆಯೂ ಕೊಟ್ಟೆ. ಬರೀ ಹಣ್ಣು, ತಿನ್ನಿ ಎಂದೆ. ಪರೀಕ್ಷೆಯಲ್ಲವೇ, ನಾಲ್ಕು ಜನರ ಮುಂದೆ ಪಾಸಾಗಲಿ ಎಂದುಕೊಂಡೆ, ಅಷ್ಟೇ. ಅಪ್ಪನಿಗೆ ಗೊತ್ತಿಲ್ಲ. ನಾಳೆ ಹೋಗಿ ಡಾಕ್ಟರಿಗೆ ಹೇಳಿಬಿಡುತ್ತೇನೆ, ಪ್ರಯೋಗದಿಂದ ತೆಗೆದರೆ ತೆಗೆಯಲಿ. ಇವತ್ತು ಬೆಳಿಗ್ಗೆ ಖರ್ಜೂರ ಕೊಡದೆ ಅಂಗಿ ಕೊಟ್ಟು ಈ ಕಾಗದಕ್ಕೆ ಕೂತೆ. ಬರೆದು ಮುಗಿಯಿತು, ಅವರು ಇನ್ನೂ ಮೊದಲ ಗುಂಡಿಯಲ್ಲೇ ಇದ್ದಾರೆ.