ಗ್ರೀಸ್ ಹಚ್ಚಿದ ಬೋಲ್ಟುಗಳು

ಅಣ್ಣಾ,

ಅಪ್ಪನ ಬಸ್ಸಿನ ನಂಬರುಗಳನ್ನು ಹಳೇ ದಾಖಲೆಗಳ ಜೊತೆ ತಾಳೆ ನೋಡಲು ಇವತ್ತು ಹಳೇ ಗಾಡಿಗಳ ಪರೀಕ್ಷಕರೊಬ್ಬರು ಬಂದಿದ್ದರು. ಆಸ್ತಿ ಪಾಲಾದಾಗ ನೀನು ಇಂಜಿನ್ ಬಿಚ್ಚಿಕೊಂಡು ಹೋದೆ, ಬಾಡಿ, ಚಾಸಿ ನನಗೆ ಉಳಿದವು. ನಿನಗೂ ಇಲ್ಲ, ನನಗೂ ಇಲ್ಲ ಅನ್ನುವ ಹಾಗೆ ಹಂಚಿಕೊಂಡೆವು. ಆಮೇಲೆ ಒಂದೇ ಬೀದಿಯಲ್ಲಿದ್ದೂ ಮುಖ ಕೊಟ್ಟು ಮಾತಾಡಲಿಲ್ಲ. ಬಸ್ಸು ನಿಂತ ಶೆಡ್ಡಿನ ಬಾಗಿಲನ್ನೂ ಅಂದಿನಿಂದ ಇವತ್ತೇ ತೆಗೆದದ್ದು.

ಅವರು ಸೀಮೆಎಣ್ಣೆ ಬಟ್ಟೆಯಿಂದ ತುಕ್ಕು ಒರೆಸಿ, ಚಾಸಿಯ ಮೇಲೆ ಕೊರೆದ ನಂಬರನ್ನು ಓದಿದರು. "ಬಸ್ಸೇನೋ ಅದೇ. ಇಂಜಿನ್ ನಂಬರೂ ತಾಳೆಯಾಗಬೇಕಲ್ಲ, ಅದೆಲ್ಲಿ?" ಅಂದರು.

"ಅಣ್ಣನ ಹತ್ರ ಇತ್ತು. ಅವನು ತೀರಿಕೊಂಡ್ಮೇಲೆ ಅತ್ತಿಗೆ ಗುಜರಿಗೆ ಹಾಕಿದ್ರು," ಅಂದೆ.

ಅವರು ಇಂಜಿನ್ ಕೂರುವ ಜಾಗಕ್ಕೆ ಟಾರ್ಚ್ ಬಿಟ್ಟು ಬಗ್ಗಿ ನೋಡಿದರು. "ಇಲ್ನೋಡಿ. ಬೋಲ್ಟಿಗೆಲ್ಲ ಗ್ರೀಸ್ ಹಚ್ಚಿ, ಆಯಾ ತೂತಿಗೇ ವಾಪಸ್ ತಿರುಗಿಸಿಟ್ಟಿದ್ದಾರೆ. ಇಂಜಿನ್ನನ್ನ ಮತ್ತೆ ತಂದು ಕೂರಿಸೋ ಮನಸ್ಸಿದ್ದೋರು ಮಾತ್ರ ಹೀಗೆ ಮಾಡೋದು. ಬಿಚ್ಚಿದ್ದು ಯಾರು?"

ಅವರು ಹೋದ ಮೇಲೆ ಬಸ್ಸಿನಡಿ ನುಸುಳಿ, ಒಂದು ಬೋಲ್ಟನ್ನು ಬೆರಳಲ್ಲೇ ತಿರುಗಿಸಿದೆ. ಇಷ್ಟು ವರ್ಷವಾದರೂ ಸಲೀಸಾಗಿ ತಿರುಗಿತು, ಅಣ್ಣಾ.