ಅಂಟಿಸಿದ ಅರ್ಜಿ, ಸತ್ಯವ್ವನ ಬಲಗೈ

ಧಾರವಾಡ, ೧೯೪೪

ಮಾನ್ಯ ದೊಡ್ಡ ಸರ್ಜನ್ ಸಾಹೇಬರೇ,

ನನ್ನ ಎರಡು ಹಾಳೆಯ ಅರ್ಜಿಯನ್ನು ತಾವು ಓದದೆಯೇ ಹಿಂದಿರುಗಿಸಿದ್ದೀರಿ. ಕಾರಣ ಕೆಂಪು ಶಾಯಿಯಲ್ಲಿದೆ: 'ಹಾಳೆಗಳನ್ನು ಅಂಟಿಸಲಾಗಿದೆ. ನಿಯಮದಂತೆ ದಾರದಿಂದ ಹೊಲಿದು ಸಲ್ಲಿಸತಕ್ಕದ್ದು.' ಅರ್ಜಿಯಲ್ಲಿ ನಾನು ಕೇಳಿದ್ದು, ತುಂಡಾದ ನರವನ್ನು ಹೊಲಿಯುವ ಬದಲು ಅಂಟಿಸಬಹುದೇ ಎಂದು. ಓದುವ ಮೊದಲೇ ಉತ್ತರ ಕೊಡುವ ಕಚೇರಿ ಜಿಲ್ಲೆಯಲ್ಲಿ ಇದೊಂದೇ ಇರಬೇಕು.

ಊರವರಿಗೂ ತಿಳಿಯಲೆಂದು ಸಂಗತಿಯನ್ನು ಈ ಬಹಿರಂಗ ಪತ್ರದಲ್ಲಿ ಮತ್ತೆ ಬರೆಯುತ್ತೇನೆ. ಸತ್ಯವ್ವ ನನ್ನ ತಂಗಿಯ ಮಗಳು. ಸೀರೆಗಳಿಗೆ ಕಸೂತಿ ಹಾಕಿಕೊಟ್ಟು ಬದುಕುವವಳು. ಎರಡು ತಿಂಗಳ ಹಿಂದೆ ಕಂದೀಲಿನ ಗಾಜು ಒರೆಸುವಾಗ ಅದು ಒಡೆದು ಬಲ ಮಣಿಕಟ್ಟಿಗೆ ಹೊಕ್ಕಿತು. ತಮ್ಮ ಆಸ್ಪತ್ರೆಯಲ್ಲಿ ಚರ್ಮವನ್ನು ಅಂದವಾಗಿ ಹೊಲಿದರು, ಅವಳೇ ಮೆಚ್ಚಿದಳು. ಒಳಗಿನ ನರ ಮಾತ್ರ ತುಂಡಾಗಿಯೇ ಉಳಿಯಿತು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಗೆ ಸ್ಪರ್ಶವಿಲ್ಲ. ಬಿಸಿ ಪಾತ್ರೆ ಹಿಡಿದರೆ ಕೈ ಸುಟ್ಟದ್ದು ಮೊದಲು ಮೂಗಿಗೆ ತಿಳಿಯುತ್ತದೆ.

ತಮ್ಮ ಕೈಕೆಳಗಿನ ಡಾಕ್ಟರರು ಮುಚ್ಚುಮರೆ ಮಾಡಲಿಲ್ಲ. ನರದ ಎಳೆಗಳು ಬಹಳ ನವಿರು, ಸೂಜಿ ಹಾಕಿದರೆ ಹರಿದಾವು, ಗಂಟು ಬಿದ್ದಲ್ಲಿ ಗಡ್ಡೆ ಕಟ್ಟೀತು ಎಂದರು. ಕಸೂತಿಯಲ್ಲಿ ಗಂಟು ಹಾಕುವ ಪದ್ಧತಿಯೇ ಇಲ್ಲ. ಸೀರೆಯ ಹಿಂಬದಿಯೂ ಮುಂಬದಿಯಂತೆ ಕಾಣಬೇಕು. ಹಾಗಾಗಿ ಅವಳು ಕೇಳಿದಳು:

"ಹಂಗಾರ ಗಂಟ ಹಾಕಲಾರದ ಕೂಡಿಸಾಕ ಬರೂದಿಲ್ಲೇನ್ರಿ?"

ಡಾಕ್ಟರರು ನಕ್ಕರು.

ಬರುತ್ತದೆ, ಸಾಹೇಬರೇ. ನಾನು ಶಾಲೆ ಕಲಿತವನಲ್ಲ. ಮೂವತ್ತು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟುತ್ತ, ಕಟ್ಟುವ ಮೊದಲು ಓದುತ್ತ ಬಂದವನು, ಇಂಗ್ಲಿಷನ್ನೂ ಹಾಗೆಯೇ ಕಲಿತವನು. ತಮ್ಮ ಆಸ್ಪತ್ರೆಯ ಇಂಗ್ಲಿಷ್ ವೈದ್ಯಪತ್ರಿಕೆಗಳನ್ನು ಕಟ್ಟಿದವನೂ ನಾನೇ. ಯುದ್ಧದ ಈ ವರ್ಷಗಳಲ್ಲಿ ವಿಲಾಯತಿಯ ವೈದ್ಯರು ನರದ ಎರಡು ತುದಿಗಳನ್ನು ಎದುರುಬದುರಾಗಿಟ್ಟು, ರಕ್ತದಿಂದ ತೆಗೆದ ತಿಳಿಯನ್ನು ಹನಿಸಿ, ಅದು ಹೆಪ್ಪುಗಟ್ಟಿ ಹಿಡಿದುಕೊಳ್ಳುವಂತೆ ಮಾಡುತ್ತಿದ್ದಾರೆಂದು ಅವುಗಳಲ್ಲಿದೆ. ಎಲ್ಲರಿಗೂ ಗುಣವಾಗಿಲ್ಲ ಎಂದೂ ಇದೆ; ತಡವಾದಷ್ಟೂ ಕಷ್ಟ ಎಂದೂ ಇದೆ. ಮೊನ್ನೆ ತಮ್ಮ ಕಪಾಟಿನಲ್ಲಿ ಆ ಸಂಪುಟವನ್ನು ಕಂಡೆ. ನಾನು ಕಟ್ಟಿಕೊಟ್ಟಾಗಿನಷ್ಟೇ ಹೊಸದಾಗಿದೆ. ಇಷ್ಟು ಜೋಪಾನ ಮಾಡುವ ಗಿರಾಕಿ ನನಗೆ ಬೇರೆ ಸಿಕ್ಕಿಲ್ಲ.

ಅರ್ಜಿ ವಾಪಸು ಕೊಡುವಾಗ ತಮ್ಮ ಕಾರಕೂನರು ಬೇಸರಪಟ್ಟರು. "ಅಜ್ಜಾರ, ಭಾಳ ಗಟ್ಟಿ ಅಂಟಿಸೀರಿ. ಬಿಚ್ಚಾಕ ಹೋದ್ರ ಹಾಳಿ ಹರದೂವು, ಅಂಟು ಬಿಡಲಿಲ್ಲ ನೋಡ್ರಿ."

ಬಿಡಬಾರದೆಂದೇ ಅಂಟಿಸಿದ್ದು ಎಂದೆ. ಇದನ್ನೂ ಫೈಲಿಗೆ ಸೇರಿಸಿದರೆ ಉಪಕಾರ.

ನಿಯಮದಂತೆ ಹೊಲಿದ ಅರ್ಜಿಯನ್ನು ಇಂದು ಮತ್ತೆ ಟಪಾಲಿಗೆ ಹಾಕಿದ್ದೇನೆ. ಹೊಲಿದವಳು ಸತ್ಯವ್ವ. ನಾನು ಕೇಳಿದರೂ ಸೂಜಿ ಕೊಡಲಿಲ್ಲ.

"ಸಾಹೇಬರು ಕೈಯಂತೂ ನೋಡಲಿಲ್ಲ. ಕೈಕೆಲಸಾನಾರ ನೋಡ್ಲಿ ಬಿಡು, ಮಾಮಾ."

ಸೂಜಿ ತೋರುಬೆರಳಿಗೆ ಎರಡು ಸಲ ಚುಚ್ಚಿತು. ಅವಳಿಗೆ ತಿಳಿಯಲಿಲ್ಲ. ಹಾಳೆ ಕೆಂಪಾದುದನ್ನು ಕಂಡು ನಾನೇ ಹೇಳಬೇಕಾಯಿತು.

ನಾನು ಬೇಡುವುದು ಇಷ್ಟೇ. ಈ ವಾರದೊಳಗೆ ಅವಳ ಕೈಯನ್ನು ತಾವೇ ನೋಡಬೇಕು. ಅಂಟಿಸಲು ತಮ್ಮಿಂದಾದರೆ ಮಾಡಬೇಕು. ಆಗದಿದ್ದರೆ ಮುಂಬಯಿಯ ದೊಡ್ಡ ಆಸ್ಪತ್ರೆಗೆ ಒಂದು ಪತ್ರ ಕೊಡಬೇಕು.

ಅರ್ಜಿಯ ಹೊಲಿಗೆಯನ್ನು ಬಿಚ್ಚಿದರೂ ಮೂಲೆಯಲ್ಲಿ ಹಾಳೆಗಳು ಬೇರೆಯಾಗಲಿಕ್ಕಿಲ್ಲ. ಅಲ್ಲಿ ಅವಳ ರಕ್ತ ಒಣಗಿದೆ. ಒಮ್ಮೆ ಎಳೆದು ನೋಡಿ.

ಇಂತಿ,
ತಮ್ಮ ಪುಸ್ತಕಗಳನ್ನೆಲ್ಲ ಕೂಡಿಸಿಕೊಟ್ಟು, ಮನೆಯ ಒಂದು ಕೈ ಕೂಡಿಸಲಾರದ
ರಟ್ಟು ಕಟ್ಟುವ ಮಹಾದೇವಪ್ಪ